ಮಳೆಯಲ್ಲಿ ಸಮುದ್ರಕ್ಕೆ ಹೊರಟಿದ್ದೀರಾ? ಅಲೆ ಇಲ್ಲದ ಜಾಗ ನೋಡಿ ಇಳಿಯಬೇಡಿ

ನಮ್ಮ ಚರ್ಚ್‌ನಿಂದ 42 ಜನ ಮೂರು ದಿನದ ಮಟ್ಟಿಗೆ ಸಮುದ್ರ ತೀರಕ್ಕೆ ಹೋಗಿದ್ದೆವು. ಯಾರ ಜೀವಕ್ಕೂ ಏನೂ ಆಗಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಕೂದಲೆಳೆಯಲ್ಲಿ ತಪ್ಪಿತು.

ಜೋರು ಮಳೆಯ ಮುನ್ಸೂಚನೆ ಹಿಂದಿನ ದಿನವೇ ಬಂದಿತ್ತು. ಒಬ್ಬರು ಅದನ್ನು ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೆ ಸಾಲಾಗಿ ಕೈ ಮುಗಿಯುವ ಇಮೋಜಿ ಬಂದವು, ಅಷ್ಟೇ. ದೇವರು ನೋಡಿಕೊಳ್ಳುತ್ತಾನೆ ಅಂದರು. ನಿಜ ಹೇಳಬೇಕೆಂದರೆ, ಕೋಣೆಗಳಿಗೆ ಪೂರ್ತಿ ದುಡ್ಡು ಕಟ್ಟಿಯಾಗಿತ್ತು. ರದ್ದು ಮಾಡಿದರೆ ವಾಪಸ್ ಇಲ್ಲ ಅಂತ ರಸೀದಿಯಲ್ಲೇ ಇತ್ತು. ಓದದೆ ಕಟ್ಟಿದವಳು ನಾನೇ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಮೊದಲ ದಿನ ಬಿಡದೆ ಮಳೆ. ಪ್ರಾರ್ಥನೆ, ಹಾಡು, ಬೈಬಲ್ ಕ್ವಿಜ್, ಮತ್ತೆ ಹಾಡು. ಎರಡನೇ ದಿನ ಮಧ್ಯಾಹ್ನ ಸ್ವಲ್ಪ ಹೊಳವಾಯಿತು ನೋಡಿ, ಮಕ್ಕಳನ್ನು ಹಿಡಿಯುವವರೇ ಇಲ್ಲ.

ಕೆಂಪು ಬಾವುಟ ಇತ್ತು. ನೆನೆದು ಕಂಬಕ್ಕೆ ಅಂಟಿಕೊಂಡಿತ್ತು. ನೋಡಿದವರೂ ನೋಡದ ಹಾಗೆ ದಾಟಿದೆವು. ಎರಡೂ ಕಡೆ ಅಲೆಗಳು ಅಬ್ಬರಿಸುತ್ತಿದ್ದವು. ನಡುವೆ ಒಂದು ಬಸ್ಸಿನ ಉದ್ದದಷ್ಟು ಜಾಗದಲ್ಲಿ ಮಾತ್ರ ಅಲೆಯೇ ಇಲ್ಲ. ನೀರು ಕದಡಿ ಕಂದಾಗಿತ್ತು. "ಮಕ್ಕಳು ಇಲ್ಲೇ ಆಡಲಿ, ಇಲ್ಲಿ ಶಾಂತವಾಗಿದೆ" ಅಂತ ಹಿರಿಯರೊಬ್ಬರು ಅಂದರು. ನನಗೂ ಸರಿ ಅನ್ನಿಸಿತು.

ಒಬ್ಬ ಹುಡುಗನ ಚಪ್ಪಲಿ ಕಾಲಿನಿಂದ ಕಳಚಿತು. ಅದು ದಡಕ್ಕೆ ಬರಲಿಲ್ಲ. ಯಾರೋ ದಾರ ಕಟ್ಟಿ ಎಳೆದ ಹಾಗೆ ನೆಟ್ಟಗೆ ಒಳಕ್ಕೆ ಹೋಯಿತು. ತರುತ್ತೇನೆ ಅಂತ ನಮ್ಮ ಚರ್ಚ್‌ನ ಹಾಡುವ ತಂಡದ ಹುಡುಗ ಇಳಿದ. ಚೆನ್ನಾಗಿ ಈಜುವವನು. ನೋಡನೋಡುತ್ತ ಅವನ ತಲೆಯಷ್ಟೇ ಕಾಣುತ್ತಿತ್ತು. ದಡದ ಕಡೆಗೇ ಕೈ ಬೀಸುತ್ತಿದ್ದಾನೆ, ಇದ್ದಲ್ಲೇ ಇದ್ದಾನೆ. ಅಷ್ಟರಲ್ಲಿ ಬಲೆ ಬಿಡಿಸುತ್ತ ಕೂತಿದ್ದ ಮೀನುಗಾರರೊಬ್ಬರು ಎದ್ದು ನಿಂತು "ಅಡ್ಡ ಹೋಗು, ಅಡ್ಡ!" ಅಂತ ತೋಳು ಚಾಚಿ ಕೂಗಿದರು. ಅವನು ಪಕ್ಕಕ್ಕೆ ತಿರುಗಿ ಈಜಿದ. ನಾವು ಹೆದರಿದ್ದ ಆ ದೊಡ್ಡ ಅಲೆಗಳೇ ಅವನನ್ನು ದಡಕ್ಕೆ ತಂದು ಹಾಕಿದವು.

ಇದಕ್ಕೆ ರಿಪ್ ಕರೆಂಟ್ ಅನ್ನುತ್ತಾರೆ. ದಡಕ್ಕೆ ಬಂದ ನೀರೆಲ್ಲ ಸೇರಿ ವಾಪಸ್ ಹೋಗುವ ದಾರಿ ಅದು. ಅಲ್ಲಿ ಸಾಮಾನ್ಯವಾಗಿ ಆಳ ಜಾಸ್ತಿ, ಅದಕ್ಕೇ ಅಲೆ ಒಡೆಯುವುದಿಲ್ಲ. ರಭಸವಾಗಿದ್ದಾಗ ವೇಗ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಒಲಿಂಪಿಕ್ ಈಜುಗಾರರಿಗೂ ಎದುರು ಈಜುವುದು ಕಷ್ಟ. ಅದು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಸಿಕ್ಕಿಕೊಂಡರೆ ತೇಲಿಕೊಂಡಿರಿ, ಕೈ ಎತ್ತಿ ಕೂಗಿ, ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಈಜಿ. ಕಾಪಾಡಲು ಹಿಂದೆಯೇ ಹಾರುವುದು ಬೇಡ. ತೇಲುವಂಥದ್ದು ಏನಾದರೂ ಎಸೆಯಿರಿ.

ಇನ್ನೊಂದು ದಡ್ಡತನವನ್ನೂ ಹೇಳಬೇಕು. ಹುಡುಗ ಬದುಕಿ ಬಂದನಲ್ಲ ಅಂತ ಎಲ್ಲರೂ ಅಲ್ಲೇ ಮರಳಿನ ಮೇಲೆ ಸುತ್ತ ನಿಂತು, ಕೈ ಕೈ ಹಿಡಿದು ಸ್ತೋತ್ರ ಹೇಳಿದೆವು. ಗುಡುಗುತ್ತಿತ್ತು! ಗುಡುಗು ಕಿವಿಗೆ ಬಿತ್ತು ಅಂದರೆ ಸಿಡಿಲು ತಲುಪುವಷ್ಟು ಹತ್ತಿರ ಇದ್ದೀರಿ ಅಂತಲೇ ಅರ್ಥ. ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬಾರದಂತೆ. ಪ್ರಾರ್ಥನೆ ಒಳಗೂ ಮಾಡಬಹುದಿತ್ತು, ಅಲ್ವಾ?

ಬಸ್ಸಿನ ಹತ್ತಿರ ಎಣಿಸಿದಾಗ 41. ಯಾರ ಹತ್ತಿರವೂ ಪಟ್ಟಿ ಇಲ್ಲ. ಮೂರು ಸಲ ಎಣಿಸಿದರೂ ಅಷ್ಟೇ. ಆಂಟಿಯೊಬ್ಬರು ಕೋಣೆಯಲ್ಲೇ ಮಲಗಿಬಿಟ್ಟಿದ್ದಾರೆ ಅಂತ ಗೊತ್ತಾಗುವವರೆಗೆ ಒಬ್ಬರೂ ಮಾತಾಡಲಿಲ್ಲ, ಎಲ್ಲರ ಕಣ್ಣೂ ನೀರಿನ ಮೇಲೆಯೇ ಇತ್ತು.