ಬಿ.ಎಡ್. ರಿಫ್ಲೆಕ್ಟಿವ್ ಡೈರಿ: ಪುಸ್ತಕ ಚೆನ್ನಾಗಿದೆ, ಓದುವವರು ಬೇಕು

ಮಂಗಳೂರಿನಲ್ಲಿ ಬಿ.ಎಡ್. ಸೇರಬೇಕು ಅಂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಇಂಟರ್ನ್‌ಶಿಪ್‌ಗೆ (ಶಾಲೆಗೆ ಹೋಗಿ ಪಾಠ ಮಾಡುವ ಅವಧಿ) ಮೊದಲು ಒಂದು ರಿಫ್ಲೆಕ್ಟಿವ್ ಡೈರಿ ಕೊಡುತ್ತಾರೆ, ಅಂದರೆ ಅವತ್ತಿನ ಪಾಠದ ಬಗ್ಗೆ ನಾವೇ ಯೋಚಿಸಿ ಬರೆಯುವ ಪುಸ್ತಕ. ದಿನಕ್ಕೊಂದು ಪುಟ, ಪುಟಕ್ಕೆ 6 ಭಾಗ: ಏನಾಯಿತು, ಹೇಗನ್ನಿಸಿತು, ಯಾವುದು ಸರಿಹೋಯಿತು ಯಾವುದು ಇಲ್ಲ, ಯಾಕೆ ಹಾಗಾಯಿತು, ಬೇರೆ ಏನು ಮಾಡಬಹುದಿತ್ತು, ಮುಂದಿನ ಸಲ ಏನು ಮಾಡುತ್ತೇನೆ. 1988ರಲ್ಲಿ ಗ್ರಹಾಂ ಗಿಬ್ಸ್ ಎಂಬ ಶಿಕ್ಷಣತಜ್ಞರು ಕೊಟ್ಟ ಆರು ಹಂತದ ಚಕ್ರವೇ ಇದು. ನರ್ಸಿಂಗ್ ಓದುವವರಿಗೂ ಪರಿಚಯ ಇರುತ್ತದೆ.

ಪುಸ್ತಕದ ಬಗ್ಗೆ ದೊಡ್ಡ ದೂರಿಲ್ಲ. ಕಾಗದ ದಪ್ಪ ಇದೆ, ಮಳೆಗಾಲದಲ್ಲಿ ಬ್ಯಾಗ್ ಒದ್ದೆಯಾದರೂ ಅಕ್ಷರ ಹರಡಲಿಲ್ಲ. ಆದರೆ ‘ಹೇಗನ್ನಿಸಿತು’ ಎಂಬುದಕ್ಕೆ ಅರ್ಧ ಪುಟ ಬಿಟ್ಟು ‘ಯಾಕೆ ಹಾಗಾಯಿತು’ ಎಂಬಲ್ಲಿ ಮೂರೇ ಗೆರೆ ಹಾಕಿದ್ದಾರೆ. ತಲೆ ಓಡಿಸಬೇಕಾದದ್ದೇ ಅಲ್ಲಿ ಅಲ್ವಾ?

ನಿಜವಾದ ತೊಂದರೆ ಮಾರ್ಕ್ಸ್‌ನದ್ದು. ಇದಕ್ಕೂ ಇಂಟರ್ನಲ್ ಅಂಕ ಇದೆ, ಹಾಗಾಗಿ ಹೆಚ್ಚಿನವರು ಡೈರಿ ನೋಡಿ ಸಹಿ ಹಾಕುವ ಗೈಡ್‌ಗೆ ಏನು ಇಷ್ಟವೋ ಅದನ್ನೇ ಬರೆಯುತ್ತಾರೆ. ‘ಪಾಠ ಚೆನ್ನಾಗಿ ಆಯಿತು, ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು.’ ಮರುದಿನವೂ ಅದೇ ಸಾಲು, ತಾರೀಕು ಮಾತ್ರ ಬೇರೆ. ಸಬ್ಮಿಷನ್ ಹತ್ತಿರ ಬಂದಾಗ ಸೀನಿಯರ್‌ಗಳ ಡೈರಿ ಹಂಪನಕಟ್ಟೆಯ ಜೆರಾಕ್ಸ್ ಅಂಗಡಿಗೆ ಹೋಗುತ್ತದೆ. ಇವರನ್ನು ಸೋಮಾರಿಗಳು ಅಂತ ನಾನು ಹೇಳುವುದಿಲ್ಲ. ಇವತ್ತು ಕ್ಲಾಸ್ ಕೈತಪ್ಪಿತು ಅಂತ ಬರೆದರೆ ಅಂಕ ಹೋಗುತ್ತದೆ ಅನ್ನುವ ಹೆದರಿಕೆ ಇರುವಾಗ ಯಾರು ತಾನೇ ನಿಜ ಬರೆದಾರು? ಲೆಸನ್ ಪ್ಲಾನ್, ಚಾರ್ಟ್ ಎಲ್ಲ ಮುಗಿಸಿ ರಾತ್ರಿ ಡೈರಿ ತೆಗೆಯುವಾಗ ಕಣ್ಣು ಎಳೆಯುತ್ತಿರುತ್ತದೆ. ಹೇಗೂ ಯಾರೂ ಓದುವುದಿಲ್ಲ, ಸಹಿ ಮಾತ್ರ ಹಾಕುತ್ತಾರೆ ಅನ್ನುವ ಮಾತು ಕ್ಲಾಸಿನಲ್ಲಿ ಎಲ್ಲರ ಬಾಯಲ್ಲೂ ಇದೆ.

ಆದರೆ ಓದುವವರು ಸಿಕ್ಕಿದರೆ ಕಥೆಯೇ ಬೇರೆ. ನನ್ನ ಗೆಳತಿ ಉಳ್ಳಾಲದ ಕಡೆಯ ಶಾಲೆಯಲ್ಲಿ ಭಿನ್ನರಾಶಿ ಕಲಿಸುತ್ತಿದ್ದಳು. ಅವಳೂ ಮಾಮೂಲಿ ಸಾಲನ್ನೇ ಬರೆದಳು. ಅವಳ ಗೈಡ್ ಅದರ ಪಕ್ಕ ಹಸಿರು ಶಾಯಿಯಲ್ಲಿ ‘ಯಾರೆಲ್ಲ?’ ಅಂತ ಕೇಳಿದರು, ಅಷ್ಟೇ. ಮರುದಿನ ಇವಳು ಬೆಂಚುಗಳ ಚಿತ್ರ ಬರೆದು, ಬಾಯಿ ಬಿಟ್ಟವರ ಜಾಗಕ್ಕೆ ಚುಕ್ಕೆ ಇಟ್ಟಳು. ಚುಕ್ಕೆಗಳೆಲ್ಲ ಮುಂದಿನ ಎರಡು ಬೆಂಚಿನಲ್ಲೇ! ಹಿಂದಿನ ಹುಡುಗಿಯರು ತಮ್ಮತಮ್ಮಲ್ಲಿ ಬ್ಯಾರಿ ಭಾಷೆಯಲ್ಲಿ ಮಾತಾಡುತ್ತಿದ್ದರು, ಅದನ್ನು ಇವಳು ಗಲಾಟೆ ಅಂದುಕೊಂಡಿದ್ದಳು. ಬೋರ್ಡಿನ ಮೇಲೆ ಒಬ್ಬ ಹುಡುಗ 1/2 ಕ್ಕೆ 1/3 ಕೂಡಿಸಿ 2/5 ಅಂತ ಬರೆದಿದ್ದ. ಬ್ಯಾರಿಯಲ್ಲೇ ಹೇಳಿ ಅಂತ ಇವಳು ಅಂದಾಗ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು: ಅರ್ಧಕ್ಕೆ ಇನ್ನೂ ಸ್ವಲ್ಪ ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಹೇಗಾಗುತ್ತದೆ ಟೀಚರ್? ಪಕ್ಕದವಳು ಅದನ್ನು ಕನ್ನಡದಲ್ಲಿ ಹೇಳಿದಳು. ಆ ದಿನದ ಪುಟ ನಾನು ಓದಿದ್ದೇನೆ. ‘ಯಾಕೆ ಹಾಗಾಯಿತು’ ಭಾಗದ ಮೂರು ಗೆರೆ ಸಾಲದೆ ಅಂಚಿನಲ್ಲೆಲ್ಲ ಬರೆದಿದ್ದಾಳೆ.

ಎನ್‌ಸಿಟಿಇಯ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) 2014ರ ನಿಯಮಾವಳಿಯಿಂದ ಬಿ.ಎಡ್. 2 ವರ್ಷದ ಕೋರ್ಸ್ ಆಯಿತು, ಶಾಲೆಗಳಿಗೆಂದೇ ಕನಿಷ್ಠ 20 ವಾರ ಇಟ್ಟಿದ್ದಾರೆ. ಅಷ್ಟು ವಾರ ಸುಮ್ನೆ ಕಾಪಿ ಹೊಡೆದು ಕಳೆದರೆ ತುಂಬಾ ನಷ್ಟ. ಅಂಕ ಕೊಡಲೇಬೇಕಾದರೆ ಬರೆದದ್ದಕ್ಕೆ ಕೊಡಲಿ, ಪಾಠ ಕೆಟ್ಟಿತು ಅಂತ ಬರೆದವರಿಗೆ ಕಡಿಮೆ ಮಾಡುವುದು ಬೇಡ.

ಪುಸ್ತಕಕ್ಕೆ 5ರಲ್ಲಿ 4, ಅದನ್ನು ನಡೆಸುವ ರೀತಿಗೆ 2. ಹೊಸದಾಗಿ ಹೋಗುವವರು ಮೊದಲ ವಾರವೇ ಗೈಡ್ ಹತ್ತಿರ ಕೇಳಿ: ಸರ್, ಎಲ್ಲ ಪುಟ ಬೇಡ, ವಾರಕ್ಕೆ ಒಂದು ಪುಟ ಪೂರ್ತಿ ಓದಿ ಒಂದು ಪ್ರಶ್ನೆ ಬರೆದು ಕೊಡ್ತೀರಾ?