ನೋವಿಲ್ಲದ ಹಲ್ಲಿಗೆ ಡ್ರಿಲ್ ಎಂದರೆ ತಕ್ಷಣ ಹೂಂ ಅನ್ನಬೇಡಿ

ನೋವೇ ಇಲ್ಲದ ದವಡೆ ಹಲ್ಲು. ಅಗಿಯುವ ಭಾಗದ ಗೆರೆಯಲ್ಲಿ ಕಪ್ಪು ಕಂಡಿದೆ ಎಂದು ಕೊರೆದು ತುಂಬುತ್ತಾರೆ. ಕೆಲವು ವರ್ಷಕ್ಕೆ ಫಿಲ್ಲಿಂಗ್ ಅಂಚು ಬಿಡುತ್ತದೆ. ಪೂರ್ತಿ ಕಿತ್ತು, ಇನ್ನಷ್ಟು ಅಗಲ ಕೊರೆಯುತ್ತಾರೆ. ಮೂರನೇ ಸಲಕ್ಕೆ ನರ ಬಯಲಾಗಿ ರೂಟ್ ಕೆನಾಲ್, ಮೇಲೊಂದು ಕ್ಯಾಪ್. ಕೊನೆಗೆ ಒಸಡಿನ ಮಟ್ಟಕ್ಕೆ ಮುರಿದು ಕೀಳಿಸಬೇಕಾಗುತ್ತದೆ. ಹಲ್ಲು ಕಳೆದುಕೊಂಡವರಲ್ಲಿ ಮತ್ತೆ ಮತ್ತೆ ಕಾಣುವ ಕಥೆ ಇದು. ಕೆಟ್ಟಿದ್ದು ಮೊದಲ ಡ್ರಿಲ್‌ನಲ್ಲೇ.

ಗೆರೆಯ ಕಪ್ಪು ಎಷ್ಟೋ ಸಲ ಬರೀ ಕಲೆ, ಇಲ್ಲವೇ ನಿಂತುಹೋದ ಹುಳುಕು. ಬಾಯಿಯ ಪಿಎಚ್ (ಇದು ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಇಳಿದಾಗ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನ ಖನಿಜ ಕರಗುತ್ತದೆ. ಜೊಲ್ಲೂ ಫ್ಲೋರೈಡೂ ಸೇರಿ ಅದನ್ನು ಮತ್ತೆ ಕೂಡಿಸುತ್ತವೆ. ಮೇಲ್ಪದರ ಒಡೆದು ಗುಳಿ ಬೀಳುವವರೆಗೂ ಇದಕ್ಕೆ ಅವಕಾಶವಿದೆ. ಮೊನಚು ಸಲಾಕೆಯಿಂದ ಒತ್ತಿ ಚುಚ್ಚಿದರೆ ಆ ಪದರವೇ ಒಡೆಯಬಹುದು. ಹಲ್ಲನ್ನು ಶುಚಿಮಾಡಿ, ಗಾಳಿ ಊದಿ ಒಣಗಿಸಿ, ಕಣ್ಣಿನಿಂದ ನೋಡುವುದು ಸರಿಯಾದ ಕ್ರಮ. ಎರಡು ಹಲ್ಲುಗಳ ನಡುವಿನ ಹುಳುಕಿಗೆ ಬೈಟ್‌ವಿಂಗ್ ಎಕ್ಸ್‌ರೇ (ಕಚ್ಚಿ ಹಿಡಿದು ತೆಗೆಸುವ ಎಕ್ಸ್‌ರೇ) ಬೇಕು. ಗುಳಿಯಿಲ್ಲ, ಎಕ್ಸ್‌ರೇಯಲ್ಲಿ ಹುಳುಕಿನ ನೆರಳು ಎನಾಮೆಲ್ ದಾಟಿಲ್ಲ ಎಂದಾದರೆ ಡ್ರಿಲ್ ಬೇಡ: 3ರಿಂದ 6 ತಿಂಗಳಿಗೊಮ್ಮೆ ದಂತವೈದ್ಯರು ಹಲ್ಲಿಗೆ ಬಳಿಯುವ ಶೇ. 5ರ ಸೋಡಿಯಂ ಫ್ಲೋರೈಡ್ ವಾರ್ನಿಷ್, ಆಳದ ಗೆರೆಗೆ ಅದನ್ನು ಮುಚ್ಚುವ ತೆಳು ಲೇಪ ಸೀಲೆಂಟ್, ದಿನಕ್ಕೆರಡು ಸಲ 1450 ಪಿಪಿಎಂ ಫ್ಲೋರೈಡ್ ಪೇಸ್ಟ್. ಉಜ್ಜಿದ ಮೇಲೆ ನೊರೆ ಉಗಿಯಿರಿ, ನೀರಿನಿಂದ ಮುಕ್ಕಳಿಸಬೇಡಿ. ಮುಂದಿನ ಎಕ್ಸ್‌ರೇಯನ್ನು ಹಳೆಯದರ ಪಕ್ಕಕ್ಕಿಟ್ಟು ಹೋಲಿಸದಿದ್ದರೆ ಮಾತ್ರ ಇಷ್ಟು ಕಾದಿದ್ದೂ ದಂಡ.

ಗುಳಿ ಬಿದ್ದು ಆಳಕ್ಕಿಳಿದಿದ್ದರೆ ಕೊರೆಯಬೇಕಾಗುತ್ತದೆ. ಸುತ್ತಲ ಅಂಚಿನಲ್ಲಿ ಗಟ್ಟಿ ಹಲ್ಲು ಸಿಗುವವರೆಗೆ ತೆಗೆಯಬೇಕು, ಫಿಲ್ಲಿಂಗ್ ಹಿಡಿದುಕೊಳ್ಳುವುದು ಅಲ್ಲಿಯೇ. ನರದ ಹತ್ತಿರದ ತಳದಲ್ಲಿ ಮೆತ್ತನೆಯ ಡೆಂಟಿನ್ (ಎನಾಮೆಲ್‌ನ ಒಳಗಿನ ಪದರ) ಸ್ವಲ್ಪ ಉಳಿಸಬಹುದು. ಬಿಗಿಯಾಗಿ ಮುಚ್ಚಿದರೆ ಒಳಗಿನ ಬ್ಯಾಕ್ಟೀರಿಯಾ ಆಹಾರವಿಲ್ಲದೆ ಸೊರಗುತ್ತವೆ. "ಪೂರ್ತಿ ಕ್ಲೀನ್ ಮಾಡ್ತೀನಿ" ಎಂಬ ಹಠದಲ್ಲೇ ಎಷ್ಟೋ ನರ ಬಯಲಾಗಿವೆ. (ರಾತ್ರಿ ತಾನಾಗಿ ಎದ್ದು ಬಡಿಯುವ ನೋವಿದ್ದರೆ ಲೆಕ್ಕ ಬೇರೆ, ತಡಮಾಡಬೇಡಿ.)

ಕ್ಯಾಪ್‌ಗಾಗಿ ಅಗಿಯುವ ಭಾಗದಲ್ಲಿ ಸಾಮಾನ್ಯವಾಗಿ 1.5ರಿಂದ 2 ಮಿ.ಮೀ. ಸವೆಸುತ್ತಾರೆ, ಸುತ್ತಲೂ ಸವೆಸುವುದು ಬೇರೆ. ಒಂದು ಮೂಲೆಯಷ್ಟೇ ಮುರಿದಿದ್ದರೆ ಆ ಭಾಗವನ್ನಷ್ಟೇ ಮುಚ್ಚುವ ಆನ್‌ಲೇ ಸಾಕೇ, ಹಳೆಯ ಫಿಲ್ಲಿಂಗ್ ಒಂದು ಕಡೆ ಬಿಟ್ಟಿದ್ದರೆ ಅಷ್ಟನ್ನೇ ರಿಪೇರಿ ಮಾಡಬಹುದೇ ಎಂದು ಕೇಳಿ. ಎಕ್ಸ್‌ರೇ ತೋರಿಸದೆ ಒಂದೇ ಸಲಕ್ಕೆ ನಾಲ್ಕಾರು ಹಲ್ಲು ಕೊರೆಯಬೇಕು ಎಂದರೆ, ತೆಗೆದ ಎಕ್ಸ್‌ರೇಯ ಪ್ರತಿ ಕೇಳಿ ಪಡೆದು ಇನ್ನೊಬ್ಬ ದಂತವೈದ್ಯರಿಗೆ ತೋರಿಸಿ. ನೋವಿಲ್ಲದ, ಗುಳಿ ಬೀಳದ ಹಲ್ಲಿಗೆ ಎರಡು ವಾರ ತಡವಾದರೆ ಏನೂ ಆಗದು.