1899ರ ಬೇಸ್‌ಬಾಲ್ ದಾಳ-ಕಾರ್ಡಿನ ಸೆಟ್: ದುಡ್ಡು ಕೊಟ್ಟು ಸೋಲು ತಗೊಂಡದ್ದು

ಮೊದಲೇ ಹೇಳಿಬಿಡ್ತೇನೆ, ಇದು ಕ್ರಿಕೆಟ್ ಅಲ್ಲ, ಮೊಬೈಲ್ ಗೇಮೂ ಅಲ್ಲ. ಒಂದು ರಟ್ಟಿನ ಪೆಟ್ಟಿಗೆ, ಒಳಗೆ ಮೂರು ದಾಳ, ಒಂದು ರೂಲ್ಸ್ ಪುಸ್ತಕ, ಮತ್ತೆ 1899ರಲ್ಲಿ ಅಮೆರಿಕದ ನ್ಯಾಷನಲ್ ಲೀಗ್ ಅನ್ನುವ ಬೇಸ್‌ಬಾಲ್ ಲೀಗಲ್ಲಿ ಆಡಿದ 12 ಟೀಮಿನವರ ಕಾರ್ಡು, ಒಬ್ಬೊಬ್ಬನಿಗೆ ಒಂದೊಂದು. ಅವ ಆ ವರ್ಷ ನಿಜವಾಗಿ ಹೇಗೆ ಆಡಿದ್ದನೋ ಅದರ ಲೆಕ್ಕದಲ್ಲೇ ಕಾರ್ಡಿನ ನಂಬರ್ ಹಾಕಿದ್ದಾರೆ. ರೇಟು 3,400, ಅದರ ಮೇಲೆ ಕೊರಿಯರಿನವ ಮನೆ ಬಾಗಿಲಲ್ಲಿ ನಿಂತು ಕಸ್ಟಮ್ಸ್ ಅಂತ ಹೇಳಿ ಇನ್ನು 1,150 ಕೇಳಿದ, ರಸೀದಿ ಕೇಳಿದ್ರೆ ಮೊಬೈಲಿಗೆ ಬರ್ತದೆ ಸರ್ ಅಂದ, ಇವತ್ತಿನವರೆಗೆ ಬರ್ಲಿಲ್ಲ. ಮನೆಯವಳಿಗೆ ಒಟ್ಟು ಎಷ್ಟಾಯ್ತು ಅಂತ ಇನ್ನೂ ಹೇಳ್ಲಿಲ್ಲ.

ತಗೊಂಡದ್ದು ಆಟಿ ತಿಂಗಳ ಮಳೆಗೆ ಅಂತ. ನಮ್ಮ ಉಡುಪಿ ಮಳೆ ಗೊತ್ತುಂಟಲ್ಲ, ಗದ್ದೆಯಲ್ಲಿ ಅಂಡರ್‌ಆರ್ಮ್ ಕ್ರಿಕೆಟ್ಟೂ ಇಲ್ಲ ಎಂತದೂ ಇಲ್ಲ, ಶನಿವಾರ ಅಕ್ಕ-ಭಾವ ಮಗನನ್ನು ಕರ್ಕೊಂಡು ಬಂದ್ರೆ ಆ ಹುಡುಗ ಫೋನಿನಿಂದ ತಲೆ ಎತ್ತುದಿಲ್ಲ. ಚೆನ್ನೆಮಣೆ ತೆಗೆದ್ರೆ ಎರಡು ಆಟಕ್ಕೆ ಅವನಿಗೆ ಬೋರು.

ಆಡುದು ಸುಲಭ. ಒಂದು ಬಿಳಿ ದಾಳ, ಎರಡು ಕೆಂಪು. ಬಿಳಿಯಲ್ಲಿ 1, 2, 3 ಬಿದ್ರೆ ಬ್ಯಾಟರಿನ ಕಾರ್ಡು ನೋಡ್ಬೇಕು, 4, 5, 6 ಬಿದ್ರೆ ಚೆಂಡು ಎಸೆಯುವ ಪಿಚರಿಂದು, ಕೆಂಪಿನ ಎರಡು ಕೂಡಿಸಿ ಆ ನಂಬರಿನ ಎದುರು ಎಂತ ಬರ್ದಿದ್ದಾರೋ ಅದೇ ಆಗುದು. ಅರ್ಧ ಗಂಟೆಯಲ್ಲಿ ಒಂದು ಮ್ಯಾಚ್ ಮುಗೀತದೆ. ಆ ಕಾಲದ ರೂಲನ್ನೂ ಬಿಡ್ಲಿಲ್ಲ ಇವರು, ಫೌಲ್, ಅಂದ್ರೆ ಗೆರೆಯ ಹೊರಗೆ, ಹೊಡೆದ್ರೆ ಸ್ಟ್ರೈಕ್ ಅಂತ ಲೆಕ್ಕ ಮಾಡುದು ಆ ಲೀಗಲ್ಲಿ 1901ರಿಂದ, ಹಾಗಾಗಿ ಇಲ್ಲಿ ಮೂರು ಸ್ಟ್ರೈಕಿಗೆ ಔಟ್ ಆಗುವ ಸ್ಟ್ರೈಕೌಟ್ ಕಮ್ಮಿ, ಚೆಂಡು ಸುಮ್ಮನೆ ಮೈದಾನಕ್ಕೆ ಹೋಗ್ತಾ ಇರ್ತದೆ, ಗ್ಲೌಸೋ ಆಗ ಈಗಿನ ಹಾಗೆ ದೊಡ್ಡದಲ್ಲ, ಕೈಯಿಂದ ಜಾರ್ತಾ ಇರ್ತದೆ, ಎರರ್ ಅಂದ್ರೆ ಎರರ್ ಮಾರಾಯ್ರೆ.

ಆದ್ರೆ ಈ ಸೆಟ್ಟಿಗೆ ದುಡ್ಡು ಹಾಕುದಾದ್ರೆ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ಅನ್ನುವ ಒಂದೇ ಟೀಮಿಗೋಸ್ಕರ ಹಾಕ್ಬೇಕು. ಪೆಟ್ಟಿಗೆ ಒಡೆದ ದಿನ ಅಳಿಯ ಹೆಸರು ನೋಡಿ ಸ್ಪೈಡರ್‌ಮ್ಯಾನ್ ಟೀಮು ನನಗೆ ಅಂತ ಹಾರಿ ತಗೊಂಡ, ನಾನು ಬೇಡ ಮಾರಾಯ ಅಂದ್ರೂ ಕೇಳ್ಲಿಲ್ಲ. ಆ ಟೀಮು 1899ರಲ್ಲಿ 154 ಮ್ಯಾಚ್ ಆಡಿ 20 ಗೆದ್ದು 134 ಸೋತದ್ದು. ಮೇಜರ್ ಲೀಗ್, ಅಂದ್ರೆ ಅಲ್ಲಿಯ ಮೇಲ್ದರ್ಜೆ ಬೇಸ್‌ಬಾಲಿನ ಚರಿತ್ರೆಯಲ್ಲೇ ಒಂದು ಸೀಸನ್ನಲ್ಲಿ ಅಷ್ಟು ಮ್ಯಾಚು ಸೋತ ಟೀಮು ಬೇರೆ ಇಲ್ಲ. ಒಂದು ಸಲ 24 ಮ್ಯಾಚು ಸಾಲಾಗಿ ಸೋತ್ರು. ಲೀಗಲ್ಲಿ ಮೊದಲ ಸ್ಥಾನ ಬಂದ ಬ್ರೂಕ್ಲಿನ್ ಟೀಮಿಗಿಂತ 84 ಗೇಮ್ ಹಿಂದೆ!

ಅಳಿಯ ಮೊದಲ ಐದು ಮ್ಯಾಚ್ ಸೋತು ಮೂತಿ ಊದಿಸಿ ಕೂತ, ಇಷ್ಟು ದರಿದ್ರ ಟೀಮು ಯಾಕೆ ಮಾಡಿದ್ರು ಮಾವ ಅಂತ. ಆಗ ಕತೆ ಹೇಳ್ಬೇಕಾಯ್ತು. ಹಿಂದಿನ ವರ್ಷ ಇದೇ ಟೀಮು 81 ಗೆದ್ದು 68 ಸೋತದ್ದು, ಲಾಯ್ಕೇ ಇತ್ತು. ಯಜಮಾನರು ರಾಬಿಸನ್ ಅಣ್ಣ ತಮ್ಮ. ಇವರು 1899ರ ಸೀಸನ್ ಶುರುವಾಗುವ ಮೊದಲು ಸೇಂಟ್ ಲೂಯಿಸಿನ ಟೀಮನ್ನೂ ಖರೀದಿ ಮಾಡಿದ್ರು, ಕ್ಲೀವ್‌ಲ್ಯಾಂಡಲ್ಲಿ ಜನ ಬರುದು ಕಮ್ಮಿ ಅಂತ ಸೈ ಯಂಗ್, ಜೆಸ್ಸಿ ಬರ್ಕೆಟ್, ಬಾಬಿ ವಾಲೆಸ್ ಅಂಥ ಒಳ್ಳೆ ಆಟಗಾರರನ್ನೆಲ್ಲ ಎತ್ತಿ ಅಲ್ಲಿಗೆ ಹಾಕಿದ್ರು. ಇಲ್ಲಿ ಉಳಿದದ್ದು ಅಲ್ಲಿಗೆ ಬೇಡದವರು.

ಭಾವ ಯಕ್ಷಗಾನದ ಮರ್ಲ್ ಇರುವ ಜನ, ಅಷ್ಟೊತ್ತು ಗೋಳಿಬಜೆ ತಿಂದುಕೊಂಡು ಸುಮ್ಮನೆ ಕೂತವರು ಒಮ್ಮೆಲೇ ಎದ್ದು ಕೂತ್ರು. "ಓ, ಹಾಗಾದ್ರೆ ಯಜಮಾನ ಒಬ್ಬ, ಮೇಳ ಎರಡು! ಒಳ್ಳೆ ಭಾಗವತರು, ಎರಡನೇ ವೇಷ, ಹಾಸ್ಯಗಾರ ಎಲ್ಲ ಒಂದು ಮೇಳಕ್ಕೆ, ಕೋಡಂಗಿ ಬಾಲಗೋಪಾಲ ವೇಷದವರನ್ನು ಇನ್ನೊಂದಕ್ಕೆ ಹಾಕಿ ಹೋಗಿ ಇಡೀ ರಾತ್ರಿ ಪ್ರಸಂಗ ಆಡಿ ಅಂದ ಹಾಗೆ." ನಾನು ಅರ್ಧ ಗಂಟೆ ಹೇಳಿದ್ದು ಹುಡುಗನಿಗೆ ಆಗ ತಲೆಗೆ ಹೋಯ್ತು.

ತಿರುಗಾಟವೂ ಹಾಗೇ. ಕ್ಲೀವ್‌ಲ್ಯಾಂಡಿನ ಜನ ಸಿಟ್ಟಲ್ಲಿ ಮೈದಾನಕ್ಕೆ ಬರುದೇ ನಿಲ್ಲಿಸಿದ್ರು, ಇಡೀ ಸೀಸನ್ನಿಗೆ ಮನೆ ಮೈದಾನದಲ್ಲಿ ಬಂದ ಜನ 6,088, ಮ್ಯಾಚಿಗೆ 145ರ ಹತ್ರ, ನಮ್ಮ ಕಡೆ ಒಂದು ಮನೆ ಒಕ್ಕಲಿಗೆ ಅದಕ್ಕಿಂತ ಜಾಸ್ತಿ ಸೇರ್ತಾರೆ. ಟಿಕೆಟಿನ ಪಾಲಲ್ಲಿ ರೈಲು ಚಾರ್ಜೂ ಹುಟ್ಟುದಿಲ್ಲ ಅಂತ ಬೇರೆ ಟೀಮಿನವರು ಅಲ್ಲಿಗೆ ಬರ್ಲಿಕ್ಕೇ ಒಪ್ಪಲಿಲ್ಲ, ಹಾಗಾಗಿ 112 ಮ್ಯಾಚು ಊರೂರು ತಿರುಗಿಯೇ ಆಡಿದ್ದು, ಅದರಲ್ಲಿ ಸೋತದ್ದು 101. ಪೇಪರಿನವರು ವಾಂಡರರ್ಸ್, ಅಂದ್ರೆ ಅಲೆಮಾರಿಗಳು ಅಂತ ಅಡ್ಡ ಹೆಸರು ಬೇರೆ ಇಟ್ಟಿದ್ರು.

ಇಷ್ಟೆಲ್ಲ ಗೊತ್ತಾದ ಮೇಲೆ ಅಳಿಯನಿಗೆ ಹಠ ಬಂತು, ಇನ್ನು ಅದೇ ಟೀಮು ಅಂತ. ಜಿಮ್ ಹ್ಯೂಯಿ ಅಂತ ಒಬ್ಬ ಪಿಚರ್, ಆ ವರ್ಷ 4 ಗೆದ್ದು 30 ಸೋತವ, ಅವನ ಕಾರ್ಡು ಹುಡುಗನ ಅಂಗಿ ಕಿಸೆಯಲ್ಲೇ ಇರುದು ಈಗ. ಒಂದು ದಿನ ರಾತ್ರಿ ಕರೆಂಟ್ ಹೋಗಿತ್ತು, ಎಮರ್ಜೆನ್ಸಿ ಲೈಟು ಮಣೆ ಮೇಲೆ ಇಟ್ಟು ಆಡ್ತಾ ಇದ್ದೆವು, ನನ್ನದು ಬ್ರೂಕ್ಲಿನ್, ಒಂಬತ್ತನೇ, ಅಂದ್ರೆ ಕಡೇ ಇನ್ನಿಂಗ್ಸ್, ಸ್ಪೈಡರ್ಸ್ 5-4ರಲ್ಲಿ ಮುಂದೆ, ಎರಡು ಔಟ್, ಇನ್ನೊಂದು ಬೇಕು ಅಷ್ಟೇ. ನಾನು ಹಾಕಿದ ದಾಳ ಉರುಳಿ ಹೋಗಿ ಮಂಚದ ಕಾಲಿಗೆ ತಾಗಿ ನಿಂತಿತು, ಟಾರ್ಚ್ ಹಿಡ್ಕೊಂಡು ಮೂರು ಜನ ಬಗ್ಗಿ ನೋಡಿದ್ರೆ ಪಿಚರಿನ ಕಾರ್ಡು, ಚೆಂಡು ನೇರ ಶಾರ್ಟ್‌ಸ್ಟಾಪ್ ಅನ್ನುವ ಫೀಲ್ಡರಿನ ಕೈಗೆ, ಮತ್ತೆ ಎರರ್ ಚಾರ್ಟ್ ನೋಡ್ಬೇಕು, ನೋಡಿದ್ರೆ ಬಿಟ್ಟ! ನನಗೆ ಎರಡು ರನ್ನು. ಅಕ್ಕ ಒಳಗಿಂದ ಯಾರಿಗೆಂತ ಆಯ್ತು ಅಂತ ಓಡಿ ಬಂದ್ಲು, ಹಾಗೆ ಬೊಬ್ಬೆ ಹಾಕಿದ್ದ ಹುಡುಗ. ಈವರೆಗೆ ಅವ 31 ಆಡಿ 6 ಗೆದ್ದಿದ್ದಾನೆ, ಅಸಲಿ ಸ್ಪೈಡರ್ಸಿಗಿಂತ ಮೇಲೆ ಅಂತ ಶಾಲೆಯಲ್ಲೆಲ್ಲ ಹೇಳ್ಕೊಂಡು ತಿರುಗ್ತಾನೆ.

ಈಗ ದೂರು. ಕಾರ್ಡು ತೆಳು, ನಮ್ಮ ಹವೆಗೆ ಎರಡೇ ವಾರದಲ್ಲಿ ಹಪ್ಪಳದ ಹಾಗೆ ಬಗ್ಗಿತು, ಬಾಲ್ಟಿಮೋರ್ ಟೀಮಿನ ಕಾರ್ಡಿನ ಕಟ್ಟಿಗೆ ಬೂಷ್ಟು ಹಿಡೀತು, ಈಗ ಎಲ್ಲ ಅಕ್ಕಿ ಡಬ್ಬಿಯಲ್ಲಿ ಉಂಟು. ರೂಲ್ಸ್ ಪುಸ್ತಕದ ಅಕ್ಷರ ಸಾಸಿವೆ ಕಾಳು. ಸ್ಕೋರ್ ಶೀಟು ಬರೀ 20, ಅದು ಮುಗಿದು ಝೆರಾಕ್ಸ್ ಮಾಡಿಸಿ ಆಡ್ತಿದ್ದೇವೆ. ಲೇವ್ ಕ್ರಾಸ್ ಅಂತ ಒಬ್ಬ, ಮೊದಲ 38 ಮ್ಯಾಚಿಗೆ ಸ್ಪೈಡರ್ಸಿನ ಮ್ಯಾನೇಜರ್ ಆಗಿ ಆಡಿದವ, ಸ್ವಲ್ಪ ಲಾಯ್ಕ ಆಡ್ತಾನೆ ಅಂತ ಕಂಡ ಕೂಡ್ಲೆ ಅವನನ್ನೂ ಸೇಂಟ್ ಲೂಯಿಸಿಗೆ ಕರ್ಕೊಂಡು ಹೋದ್ರು, ಈ ಪೆಟ್ಟಿಗೆಯಲ್ಲೂ ಅವನ ಕಾರ್ಡು ಸೇಂಟ್ ಲೂಯಿಸಿಗೆ ಮಾತ್ರ ಕೊಟ್ಟಿದ್ದಾರೆ. ಯಜಮಾನರು ಮಾಡಿದ್ದು ಸಾಲ್ಲಿಲ್ಲ ಅಂತ ಇವರದ್ದು ಬೇರೆ.

ಎಲ್ಲಕ್ಕಿಂತ ಬೇಜಾರು ಎಡ್ಡೀ ಕೋಲ್ಬನ ಕಾರ್ಡು ಇಲ್ಲದ್ದು. 1899ರ ಅಕ್ಟೋಬರ್ 15, ಸಿನ್ಸಿನಾಟಿಯಲ್ಲಿ ಕಡೇ ಮ್ಯಾಚು, ಇನ್ನು ಹೋಗುವ ಮಾನ ಎಂತದು ಉಂಟು ಅಂತ ಹೋಟೆಲಿನ ಸಿಗಾರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಈ ಕೋಲ್ಬನನ್ನು ಸ್ಪೈಡರ್ಸಿನ ಪಿಚರ್ ಮಾಡಿ ನಿಲ್ಲಿಸಿದ್ರು. ನಮ್ಮ ಬಸ್‌ಸ್ಟ್ಯಾಂಡಿನ ಬೀಡಾ ಅಂಗಡಿಯವನನ್ನು ರಣಜಿಗೆ ಇಳಿಸಿದ ಹಾಗೆ. 19-3ರಲ್ಲಿ ಸೋಲು. ಆಮೇಲೆ ಆ ಟೀಮೇ ಇಲ್ಲ, ಲೀಗಿನವರು 12ರಲ್ಲಿ ನಾಲ್ಕು ಟೀಮು ತೆಗೆದುಹಾಕಿದ್ರು, ಅದರಲ್ಲಿ ಇದೂ ಒಂದು. ಅಂಥವನ ಕಾರ್ಡು ಹಾಕ್ಲಿಕ್ಕೆ ಇವರಿಗೆ ಎಂತ ರೋಗ?

ಅದಕ್ಕೊಂದು ಸ್ಟಾರ್ ಕಟ್. ನಾಲ್ಕು ಕೊಡ್ತೇನೆ. ಇಬ್ಬರಾದ್ರೂ ಕೂತು ಆಡುವವರು ಮನೆಯಲ್ಲಿ ಇದ್ರೆ ಮಾತ್ರ ತಗೊಳ್ಳಿ, ಒಬ್ಬರೇ ಆಡಿದ್ರೆ ಮಜಾ ಇಲ್ಲ. ಮಳೆಗಾಲಕ್ಕೆ ಮೊದಲೇ ಕಾರ್ಡು ಲ್ಯಾಮಿನೇಟ್ ಮಾಡಿಸಿ.

ಕೋಲ್ಬನ ಕಾರ್ಡು ಅಳಿಯನೇ ಮಾಡಿದ, ಯಾರದೋ ಮದುವೆ ಕಾಗದದ ಹಿಂದೆ ಸ್ಕೇಲ್ ಇಟ್ಟು ಗೆರೆ ಎಳೆದು. ಮುಂದೆ ತಿರುಗಿಸಿದ್ರೆ ಗಣಪತಿ ಚಿತ್ರ, ಮುಹೂರ್ತ ಎಲ್ಲ ಉಂಟು. ಮೊನ್ನೆ ಭಾನುವಾರ ಅವನನ್ನೇ ಇಳಿಸಿ ಆಡಿದ, 14-5ರಲ್ಲಿ ಸೋತ, 19 ಕೊಡ್ಲಿಲ್ಲ ನೋಡಿ ಮಾವ ಅಂತ ಕುಣಿದದ್ದೇ ಕುಣಿದದ್ದು.